ಉಳಿವೆಪ್ಪ ಎಣಿಸದೆ ಬಿಟ್ಟ ಮೋಟಾರು

ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ದಾರಿಯಲ್ಲಿ, ನವಾಬರ ಸಂಸ್ಥಾನದ ಗಡಿಗೆ ತುಸು ಈಚೆ, ಒಂದು ಪೊಲೀಸ್ ನಾಕೆ ಇತ್ತು. ಅಲ್ಲಿನ ಶಿಪಾಯಿ ಉಳಿವೆಪ್ಪ ದುಂಡಸಿಯವನು. ಹನ್ನೊಂದು ವರ್ಷದ ನೌಕರಿಯಲ್ಲಿ ಯಾರ ಮನೆಯ ಮಜ್ಜಿಗೆಯನ್ನೂ ಪುಕ್ಕಟೆ ಕುಡಿದವನಲ್ಲ. ನಾಕೆಯ ಎದುರು ಬೇವಿನ ಗಿಡದ ಕೆಳಗೆ ವೀಳ್ಯದೆಲೆ ಮಾರುತ್ತಿದ್ದ ಮಾಬೂಬಿ ಎರಡು ಎಲೆ ಹೆಚ್ಚು ಕೊಟ್ಟರೆ, ತಿರುಗಿ ಅವಳ ಬುಟ್ಟಿಯಲ್ಲೇ ಇಡುತ್ತಿದ್ದ.

“ಎರಡ ಎಲಿಗೆ ನಿಮ್ಮ ಧರ್ಮ ಕೆಡತೈತೇನ್ರಿ?” ಎಂದು ಅವಳು ನಗುತ್ತಿದ್ದಳು.

ಅವನ ಕೆಲಸ ದೊಡ್ಡದೇನಲ್ಲ. ಮೋಟಾರು ಬಂದರೆ ನಿಲ್ಲಿಸಿ ಜನರನ್ನು ಎಣಿಸಬೇಕು. ಇಪ್ಪತ್ತೆರಡಕ್ಕಿಂತ ಹೆಚ್ಚಿದ್ದರೆ ಕಡೆಗೆ ಹತ್ತಿದವರನ್ನು ಮೊದಲು ಇಳಿಸಿ, ಪುಸ್ತಕದಲ್ಲಿ ಬರೆದು, ಮುಂದೆ ಬಿಡಬೇಕು. ಜನ ಬೈಯುತ್ತಿದ್ದರು. ಅವನು ಇಳಿಸುತ್ತಿದ್ದ.

ನಲವತ್ತೆರಡರ ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಡತಿ ಅಡಿವೆವ್ವನ ಬೆನ್ನ ಮೇಲೆ ದೊಡ್ಡ ಹುಣ್ಣೆದ್ದಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೊಯ್ದು, ವಾರಕ್ಕೊಮ್ಮೆ ಬಂದು ಪಟ್ಟಿ ಕಟ್ಟಿಸಿಕೊಳ್ಳಲು ಹೇಳಿದರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು, ಅವೂ ಕಡಿಮೆ. ಹಿಂದಿನ ಹಲಗೆಯ ಮೇಲೆ ನೂಕಾಟದಲ್ಲಿ ಕುಳಿತು ಬಂದ ಅಡಿವೆವ್ವ ಮೊದಲ ಸಲ ಇಳಿದಾಗ ಕುಪ್ಪಸವೆಲ್ಲ ರಕ್ತವಾಗಿತ್ತು. ಮೋಟಾರಿನ ಮಾಲಕ ಕರಬಸಪ್ಪ ಅದನ್ನು ಕಂಡ.

“ಇನ್ನ ಮ್ಯಾಲೆ ಅಕ್ಕಾರು ಮುಂದಿನ ಸೀಟಿನ್ಯಾಗ ಕುಂಡರ್ಲಿ. ಟಿಕೀಟ ಬ್ಯಾಡ.”

“ರೊಕ್ಕಾ ಕೊಡ್ತೇನ್ರಿ,” ಎಂದ ಉಳಿವೆಪ್ಪ.

“ಜಡ್ಡಿನವರ ಕಡೆ ರೊಕ್ಕಾ ತಗೊಂಡು ನಾ ಯಾವ ಮಾಳಿಗಿ ಮನಿ ಕಟ್ಟಿಸಬೇಕಾಗೇತಿ? ಸುಮ್ನಿರ್ರಿ.”

ಕರಬಸಪ್ಪ ಕೆಟ್ಟವನಲ್ಲ. ಆ ಮಾತನ್ನು ಮನಸಾರೆ ಆಡಿದ್ದ. ಐದು ತಿಂಗಳು ಅಡಿವೆವ್ವ ಅದೇ ಸೀಟಿನಲ್ಲಿ ಹೋಗಿ ಬಂದಳು, ಹುಣ್ಣು ಮಾಯಿತು. ಅದಕ್ಕೆ ಬದಲಾಗಿ ಅವನು ಏನನ್ನೂ ಕೇಳಲಿಲ್ಲ.

ಆದರೆ ಒಂದು ಸಂತೆಯ ದಿನ ಆ ಮೋಟಾರಿನಲ್ಲಿ ಇಪ್ಪತ್ತಾರು ಜನರಿದ್ದರು. ಇಳಿಸಲು ಬಾಯಿ ತೆರೆದ ಉಳಿವೆಪ್ಪನಿಗೆ ನಾಚಿಕೆ ಬಂತು. ಇಷ್ಟು ಉಪಕಾರ ಮಾಡಿದವರಿಗೆ ನಾಲ್ಕು ಜನರ ಸಲುವಾಗಿ ತೊಂದರೆ ಕೊಡುವುದೇ? ಬಿಟ್ಟ. ಮುಂದಿನ ವಾರ ಮೂವತ್ತು ಜನರಿದ್ದರು. ಬರಬರುತ್ತ ಆ ಮೋಟಾರು ಬಂದರೆ ಅವನು ಕಟ್ಟೆಯಿಂದ ಏಳುವುದನ್ನೂ ಬಿಟ್ಟ. ಪುಸ್ತಕದಲ್ಲಿ ಇಪ್ಪತ್ತೆರಡು ಎಂದು ಬರೆದು ಕೈ ಎತ್ತುತ್ತಿದ್ದ.

ನಲವತ್ನಾಲ್ಕರ ಬೇಸಿಗೆಯಲ್ಲಿ ಮಾಬೂಬಿಯ ಒಬ್ಬಳೇ ಮಗಳು ಜೈನಾಬಿ ತವರಿಗೆ ಬಂದು ನಾಲ್ಕು ದಿನವಿದ್ದು, ಶಿಗ್ಗಾಂವಿಯ ಗಂಡನ ಮನೆಗೆ ಹೊರಟಿದ್ದಳು. ಮೋಟಾರು ಬಂದಾಗಲೇ ಒಂದು ಕಡೆ ವಾಲಿತ್ತು. ಮಾಬೂಬಿ ಮಗಳ ಕೈ ಹಿಡಿದುಕೊಂಡು ಉಳಿವೆಪ್ಪನ ಕಡೆ ನೋಡಿದಳು.

“ಭಾಳ ಮಂದಿ ಅದಾರಲ್ರಿ. ಸಂಜೀ ಗಾಡಿಗೆ ಕಳಸ್ಲೇನ್ರಿ?”

“ಏನೂ ಆಗಂಗಿಲ್ಲ ಮಾಬೂಬಿ. ಕರಬಸಪ್ಪನವರ ಗಾಡಿ ಐತಿ. ಹತ್ತಸು.”

ಜೈನಾಬಿ ಗಂಟು ಎದೆಗವಚಿಕೊಂಡು ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಉಳಿವೆಪ್ಪ ಕೈ ಎತ್ತಿದ.

ಅರ್ಧ ತಾಸಿನಲ್ಲಿ ಸೈಕಲ್ಲಿನವನೊಬ್ಬ ಕೂಗುತ್ತ ಬಂದ. ಹಳ್ಳದ ಇಳಿಜಾರಿನಲ್ಲಿ ಅಚ್ಚು ಮುರಿದು ಮೋಟಾರು ಉರುಳಿತ್ತು. ಒಳಗಿದ್ದವರು ನಲವತ್ತೊಂದು ಜನ. ಆರು ಮಂದಿ ಸತ್ತರು. ಮೆಟ್ಟಿಲ ಮೇಲಿದ್ದ ಜೈನಾಬಿ ಮೋಟಾರಿನ ಅಡಿಗೇ ಸಿಕ್ಕಿದ್ದಳು. ಚಕ್ಕಡಿಯಲ್ಲಿ ಅವಳ ಹೆಣವನ್ನು ತಂದಾಗ ಇಳಿಸಿಕೊಳ್ಳಲು ಉಳಿವೆಪ್ಪನೂ ಕೈ ಕೊಟ್ಟ. ಅವಳ ಮೈ ಇನ್ನೂ ಬಿಸಿಯಿತ್ತು.

ಮೂರನೆಯ ದಿನ ಫೌಜದಾರರು ಬಂದು ಪುಸ್ತಕ ತೆಗೆಸಿದರು.

“ಇಪ್ಪತ್ತೆರಡ ಅಂತ ಬರದೀಯಲ್ಲ, ಚಲೋ ಆತು. ಉಳಿದವರು ನಾಕೆ ದಾಟಿದ ಮ್ಯಾಲೆ ಹತ್ತ್ಯಾರ ಅಂತ ಜಬಾಬ ಕೊಡು. ನೌಕರಿ ಉಳೀತೈತಿ.”

“ನಾ ಎಣಿಸಿಲ್ರಿ ಸಾಹೇಬ್ರ.”

“ಯಾಕ?”

“ಅವರು ನನ್ನ ಹೆಂಡತೀನ ಮುಂದಿನ ಸೀಟಿನ್ಯಾಗ ಕುಂಡ್ರಿಸಿಕೊಂಡು ಹೋಗ್ತಿದ್ರು.”

“ಅಷ್ಟಕ್ಕ?”

“ಅಷ್ಟಕ್ಕರಿ.”

ನೌಕರಿ ಹೋಯಿತು. ಕರಬಸಪ್ಪನ ಪರವಾನಗಿಯೂ ಹೋಯಿತು. ಅಡಿವೆವ್ವ ಗಂಡನನ್ನು ಒಂದು ಮಾತೂ ಬೈಯಲಿಲ್ಲ. ಬಾವಿಯ ಹತ್ತಿರ ಹೆಂಗಸರು ಜೈನಾಬಿಯ ಮಾತು ತೆಗೆದರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಬಂದುಬಿಡುತ್ತಿದ್ದಳು.

ಒಂದು ಮುಂಜಾನೆ ಉಳಿವೆಪ್ಪ ಮಾಬೂಬಿಯ ಮನೆಗೆ ಹೋದ. ಅವಳು ಕೂಡಲು ಚಾಪೆ ಹಾಸಿದಳು. ಅದರ ಮೇಲೆ ಕೂಡಲು ಅವನಿಂದಾಗಲಿಲ್ಲ.

“ಯಾಕ ಖರೇ ಹೇಳಿದ್ರಿ?” ಎಂದಳು. “ಸುಳ್ಳ ಹೇಳಿದ್ರ, ಅಲ್ಲಾನ ಮರ್ಜಿ ಅಂತ ನಾ ಹೆಂಗರ ಇರ್ತಿದ್ದೆ.”

ಮಾಬೂಬಿ ಅವನ ಎದುರಿಗೆ ಬಂದು ನಿಂತಳು.

“ಒಂದ ಹೇಳ್ರಿ. ನೀವು ಎಣಿಸಿದ್ರ ನನ್ನ ಮಗಳು ಉಳೀತಿದ್ಲೇನು?”

ಇಲ್ಲ ಎಂದುಬಿಡಬಹುದಿತ್ತು. ಹಾಗೆನ್ನಲೆಂದೇ ಬಾಯಿ ತೆರೆದ.

“ಕಡೀಗೆ ಹತ್ತಿದಾಕಿ ಆಕಿನ,” ಎಂದ. “ಮೊದಲ ಆಕಿನ್ನ ಇಳಸ್ತಿದ್ದೆ.”

ಮಾಬೂಬಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸೆರಗಿನ ಒಳಗಿನಿಂದ ದನಿ ಬಂತು. “ಹೋಗ್ರಿ. ಇನ್ನ ಬರಬ್ಯಾಡ್ರಿ.”

ಗಂಡ ಹೆಂಡತಿ ಹಿರೇಕೆರೂರಿನ ಕಡೆ, ಅಡಿವೆವ್ವನ ತವರೂರಿಗೆ ಹೋಗಿ ನೆಲೆಸಿದರು. ಅಲ್ಲಿ ಅವನು ಭಾವಮೈದುನನ ಹೊಲದಲ್ಲಿ ದುಡಿದ. ಮಾತು ಕಡಿಮೆಯಾಯಿತು. ನಾಲ್ಕು ವರ್ಷದ ಮೇಲೆ ಸವಣೂರಿನ ಕಡೆಯಿಂದ ಬಂದ ಒಬ್ಬರು, ಮಾಬೂಬಿಯ ಎರಡೂ ಕಣ್ಣು ಹೋಗಿವೆ, ಅಣ್ಣನ ಮನೆಯ ಮೂಲೆಯಲ್ಲಿದ್ದಾಳೆ ಎಂದು ಹೇಳಿದರು. ಉಳಿವೆಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಅಡಿವೆವ್ವ ಬಾಗಿಲಲ್ಲಿ ಬಂದು ನಿಂತಳು.

“ಬರಬ್ಯಾಡ ಅಂದಾಳ ಆಕಿ. ಆಕಿದು ಅದೊಂದ ಮಾತರ ಕೇಳ್ರಿ.”

ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.