ದೇವೀರಮ್ಮನಿಗೆ ಹೇಳದೆ ಹಾಕಿದ ಹೊಲಿಗೆ

1962ರಲ್ಲಿ ನಾನು ಮೈಸೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್. ವಯಸ್ಸು ಮೂವತ್ತೊಂದು, ನಾಲಿಗೆ ಮಾತ್ರ ಅರವತ್ತರದು. ಊಟ ಬಿಟ್ಟ ಬಸುರಿಯರು, ವಾರ್ಡಿನ ಮೂಲೆಗೆ ಎಲೆಅಡಿಕೆ ಉಗಿಯುವ ಅತ್ತೆಯರು, ಯಾರನ್ನೂ ಬಿಡದೆ ಬೈಯುತ್ತಿದ್ದೆ. ಇಷ್ಟೆಲ್ಲ ಮಾತಾಡುವವಳು ಒಂದು ಮಾತನ್ನು ಮಾತ್ರ ಹೇಳಬೇಕಾದವಳಿಗೆ ಹೇಳಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ.

ದೇವೀರಮ್ಮನಿಗೆ ಆಗ ಇಪ್ಪತ್ನಾಲ್ಕು. ಗಂಡ ಶಿವಣ್ಣ ರೇಷ್ಮೆ ಮಗ್ಗದ ಕೆಲಸಗಾರ. ಮೂರು ಬಸಿರು ನಿಂತು ಮೂರೂ ಆರನೇ ತಿಂಗಳಲ್ಲೇ ಹೋಗಿದ್ದವು. "ನೋವೇ ಬರಕ್ಕಿಲ್ಲ ಡಾಕ್ಟ್ರವ್ವ. ನೀರು ಹೋಯ್ತದೆ, ಕೂಸು ಜಾರ್ಬುಡ್ತದೆ" ಅಂದಳು. ಮೂರನೆಯದು ಮಡಿಲಲ್ಲಿ ಸ್ವಲ್ಪ ಹೊತ್ತು ಉಸಿರಾಡಿತ್ತಂತೆ. ಅಷ್ಟು ಬೇಗ ಹುಟ್ಟಿದ ಮಗುವಿಗೆ ಆಗ ನಮ್ಮಲ್ಲಿದ್ದದ್ದು ಹತ್ತಿ ಮತ್ತು ಬಿಸಿನೀರಿನ ಬಾಟಲಿ, ಅಷ್ಟೇ. ಈಗ ನಾಲ್ಕನೆಯ ಬಸಿರು, ಮೂರು ತಿಂಗಳು ತುಂಬಿತ್ತು.

ನೋವಿಲ್ಲದೆ ಜಾರುತ್ತದೆ ಎಂದ ಕೂಡಲೇ ನನಗೆ ಕಾಯಿಲೆ ಗೊತ್ತಾಯಿತು. ಗರ್ಭಕೋಶದ ಬಾಯಿ, ನಾವು ಸರ್ವಿಕ್ಸ್ ಅನ್ನುವುದು, ಹೆರಿಗೆಯ ತನಕ ಬಿಗಿಯಾಗಿ ಮುಚ್ಚಿರಬೇಕು. ಕೆಲವರಲ್ಲಿ ಅದಕ್ಕೆ ಬಲ ಸಾಲದು. ಮಗುವಿನ ಭಾರ ಏರಿದಂತೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಅದರ ಸುತ್ತ ದಪ್ಪ ರೇಷ್ಮೆ ದಾರ ಹಾಕಿ ಬಿಗಿಯುವ ಆಪರೇಷನ್ ಹೊಸದಾಗಿ ಬಂದಿತ್ತು. ಅದಕ್ಕೊಂದು ಕಟ್ಟುನಿಟ್ಟು ಇತ್ತು. ಒಂಬತ್ತನೇ ತಿಂಗಳಲ್ಲಿ ಅಥವಾ ನೋವು ಶುರುವಾದ ತಕ್ಷಣ ಆ ಹೊಲಿಗೆಯನ್ನು ಕತ್ತರಿಸಲೇಬೇಕು. ಇಲ್ಲದಿದ್ದರೆ ಕಟ್ಟಿದ ಬಾಯಿಯ ವಿರುದ್ಧ ಗರ್ಭಕೋಶ ಒತ್ತಿ ಒತ್ತಿ ಹರಿದುಹೋಗಬಹುದು.

ಹೊಲಿಗೆಯನ್ನು ನಾನೇ ಹಾಕಿದೆ. ಹತ್ತು ದಿನ ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಮಲಗಿಸಿದೆವು. ಮನೆಗೆ ಕಳಿಸುವ ದಿನ ಶಿವಣ್ಣನನ್ನು ವರಾಂಡಕ್ಕೆ ಕರೆದು ಎಲ್ಲ ವಿವರಿಸಿದೆ. "ರೇಷ್ಮೆ ದಾರಾನಾ ಮೇಡಂ?" ಎಂದು ಕೇಳಿದ. ಹೌದು ಅಂದಾಗ ಅವನ ಮುಖದಲ್ಲಿ ಧೈರ್ಯ ಕಂಡಿತು. ಹೊಲಿಗೆ ಬಿಚ್ಚುವ ವಿಷಯ, ತಾರೀಕು ಎಲ್ಲ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನೂ ಅವನ ಕೈಗೇ ಕೊಟ್ಟೆ. ಅವಳಿಗೆ ಹೇಳಿದ್ದು, "ಸಣ್ಣ ಆಪರೇಷನ್ ಆಗಿದೆ, ಭಾರ ಎತ್ತಬೇಡ, ನಾನು ಹೇಳಿದಾಗ ಬಾ" ಎಂದಷ್ಟೇ. ಆಗಿನ ರೂಢಿ ಅದು. ರೋಗಿಗೆ ಯಾಕೆ ಹೇಳಿ ಹೆದರಿಸುವುದು, ಗಂಡಸಿಗೆ ಹೇಳಿದರೆ ಸಾಕು ಅಂದುಕೊಳ್ಳುತ್ತಿದ್ದೆವು. ಅಂಥ ಮಹಾ ಬುದ್ಧಿವಂತರು ನಾವು!

ಆರನೇ ತಿಂಗಳು ದಾಟಿತು, ಏಳು ತುಂಬಿತು. ಪ್ರತಿ ಸಲ ತಪಾಸಣೆಗೆ ಬಂದಾಗಲೂ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒದೀತದೆ ಕಣವ್ವ, ನಿಮ್ಮಂಗೇ ಜೋರು" ಎಂದು ರೇಗಿಸುತ್ತಿದ್ದಳು. ನಾನೂ ನಕ್ಕಿದ್ದೆ. ಎಂಟನೇ ತಿಂಗಳಲ್ಲಿ ಅವಳನ್ನು ನಜರ್‌ಬಾದಿನ ತವರಿಗೆ ಕರೆದುಕೊಂಡು ಹೋದರು. ಅಲ್ಲೇ ಒಂಬತ್ತು ಹಿಡಿಯಿತು. ಹೊಲಿಗೆ ಬಿಚ್ಚಲು ನಾನು ಗುರುತು ಹಾಕಿದ ದಿನಕ್ಕೆ ಇನ್ನೂ ಎಂಟು ದಿನ ಇತ್ತು.

ಅಷ್ಟರೊಳಗೆ ಒಂದು ಬೆಳಗ್ಗೆ ನೋವು ಬಂತು. ತಾಯಿ ಸೂಲಗಿತ್ತಿಯನ್ನು ಕರೆಸಿದರು. ಹೆರಿಗೆ ಮುಗಿಯುವ ತನಕ ಅಳಿಯನಿಗೆ ಸುದ್ದಿ ಮುಟ್ಟಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಶಿವಣ್ಣ ಮಗ್ಗದ ಮುಂದೆ ಕೂತಿದ್ದ. ಹೊಲಿಗೆಯ ವಿಷಯ ಗೊತ್ತಿದ್ದವನು ಅವನೊಬ್ಬನೇ. ಅತ್ತೆಯ ಮನೆಯಲ್ಲಿ ಇಂಥ ಜಾಗದ ಮಾತು ಎತ್ತಲು ಅವನಿಗೆ ನಾಚಿಕೆಯಾಗಿತ್ತು. ತಾರೀಕು ಬಂದಾಗ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದ.

ಸಂಜೆ ಐದರ ಹೊತ್ತಿಗೆ ಜಟಕಾದಲ್ಲಿ ಕರೆತಂದರು. ತಾಯಿ ಓಡಿಬಂದು, "ಬೆಳಗಿಂದ ಒದ್ದಾಡ್ತಿದ್ಲು ಕಣವ್ವ, ಈಗ ದೇವರ ದಯ, ನೋವು ನಿಂತೋಗದೆ" ಅಂದರು. ಹಾಗೆ ಇದ್ದಕ್ಕಿದ್ದಂತೆ ನೋವು ನಿಂತಿತು ಅಂದರೆ ಒಳಗೆ ಗರ್ಭಕೋಶ ಹರಿದಿದೆ ಎಂದೇ ಅರ್ಥ. ನಾಡಿ ಕೈಗೆ ಸಿಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿಗೊಟ್ಟೆ. ಮಗುವಿನ ಎದೆಬಡಿತದ ಸದ್ದಿರಲಿಲ್ಲ.

ಹೊಟ್ಟೆ ತೆರೆದೆವು. ತುಂಬಿದ ತಿಂಗಳಿನ ಗಂಡುಮಗು, ತಲೆತುಂಬ ಕೂದಲು, ಸತ್ತಿತ್ತು. ದೇವೀರಮ್ಮನ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ತೆಗೆದದ್ದನ್ನು ಟ್ರೇಯಲ್ಲಿಟ್ಟಾಗ ನನ್ನ ರೇಷ್ಮೆ ಗಂಟು ಕಂಡಿತು. ಒಂಚೂರೂ ಸಡಿಲವಾಗಿರಲಿಲ್ಲ. ಅದನ್ನು ನೋಡಿ ನನಗೆ ಅಲ್ಲೇ ಅಳು ಬಂತು.

ಶಿವಣ್ಣ ಮಾರನೆಯ ದಿನ ಆ ಚೀಟಿಯನ್ನು ತಂದು ತೋರಿಸಿದ. ಮಗುವಿನ ಕಾಗದವೆಂದು ದೇವರ ಗೂಡಿನಲ್ಲಿಟ್ಟಿದ್ದನಂತೆ. ನಾನು ಇಂಗ್ಲಿಷಿನಲ್ಲಿ ಬರೆದ ಸಾಲಿನ ಮೇಲೆ ಅರಿಶಿನ ಕುಂಕುಮ ಹತ್ತಿತ್ತು. ಅವನನ್ನು ಬೈಯಲು ಬಾಯಿ ತೆರೆದವಳು ಚೀಟಿಯನ್ನು ಮಡಚಿ ವಾಪಸು ಕೊಟ್ಟೆ.

ನಾಲ್ಕನೇ ದಿನ ದೇವೀರಮ್ಮ ಕೂತು ಗಂಜಿ ಕುಡಿದಳು. ಆಗ ಅವಳ ಮಂಚದ ಪಕ್ಕ ಕೂತು, ಹೊಲಿಗೆ, ಚೀಟಿ, ಗರ್ಭಕೋಶ ತೆಗೆದದ್ದು, ಎಲ್ಲವನ್ನೂ ಹೇಳಿದೆ. ಅವಳು ಕಿರುಚಲಿಲ್ಲ. ಗಂಜಿ ಲೋಟ ಕೆಳಗಿಟ್ಟು ಕೇಳಿದಳು.

"ಹೊಲಿಗೆ ಹಾಕಿದ್ದು ನಂಗಲ್ವಾ ಡಾಕ್ಟ್ರವ್ವ? ನಂಗೇ ಒಂದು ಮಾತು ಯೋಳ್ಬುಟ್ಟಿದ್ರೆ, ನೋವು ಬಂದೇಟ್ಗೆ ನಡ್ಕೊಂಡಾದ್ರೂ ಬತ್ತಿದ್ನಲ್ಲ."

ನಜರ್‌ಬಾದಿನಿಂದ ನಮ್ಮ ಆಸ್ಪತ್ರೆಗೆ ನಡೆದರೆ ಅರ್ಧ ಗಂಟೆ.

ಅಲ್ಲಿಂದಾಚೆಗೆ ನಾನು ಹೊಲಿಗೆ ಹಾಕಿದ ಪ್ರತಿ ಹೆಂಗಸಿಗೂ ಚೀಟಿ ಕನ್ನಡದಲ್ಲಿ ಬರೆದೆ. ಓದು ಬಾರದವರ ಬಾಯಲ್ಲಿ ಮೂರು ಸಲ ಹೇಳಿಸಿ ಮನೆಗೆ ಕಳಿಸಿದೆ. ಕೆಲಸ ಕಲಿಸಿದ ಪಾಠ ಅದೇ. ಕಲಿತದ್ದು ನಾನು, ಅದಕ್ಕೆ ಬೆಲೆ ತೆತ್ತವಳು ಅವಳು.

ಎರಡು ವರ್ಷವಾದ ಮೇಲೆ ದೇವೀರಮ್ಮ ಓಪಿಡಿಗೆ ಬಂದಳು. ಜೊತೆಯಲ್ಲಿ ನೆರೆಮನೆಯ ಹುಡುಗಿ ಮತ್ತು ಅವಳ ಗಂಡ. ಹುಡುಗಿಗೆ ಎರಡು ಬಸಿರು ಹಾಗೇ ಜಾರಿದ್ದವು. ನಾನು ಪರೀಕ್ಷೆ ಮುಗಿಸಿ ಕೈ ತೊಳೆದು ತಿರುಗಿದೆ. ಬಾಯಿ ತೆರೆಯುವ ಮೊದಲೇ ದೇವೀರಮ್ಮ ಆ ಗಂಡನನ್ನು ಪಕ್ಕಕ್ಕೆ ಸರಿಸಿ, ಹುಡುಗಿಯ ಭುಜ ಹಿಡಿದು ನನ್ನ ಎದುರಿಗೆ ತಂದು ನಿಲ್ಲಿಸಿದಳು.

"ಇವಳ್ಗೆ ಯೋಳಿ" ಅಂದಳು.