ಬಾಟಲಿಯಲ್ಲಿದ್ದದ್ದು ಹರಳೆಣ್ಣೆ

ಆ ಬಾಟಲಿಯಲ್ಲಿದ್ದದ್ದು ಹೊರದೇಶದಿಂದ ತರಿಸಿದ ಎಣ್ಣೆಯಲ್ಲ. ನನ್ನ ಹೆಂಡತಿ ಕೆಂಪಮ್ಮ ಹಿತ್ತಲಲ್ಲಿ ಒಲೆ ಹೂಡಿ ಬೇಯಿಸಿ ತೆಗೆದ ಹರಳೆಣ್ಣೆ. ಅದನ್ನು ತುಂಬಿದವನು ನಾನು. ತುಂಬಿ, ಮುಚ್ಚಳ ಬಿಗಿದು, ಚೀಟಿ ಮುಂದಕ್ಕೆ ಕಾಣುವ ಹಾಗೆ ತಿರುಗಿಸಿ ಕಪಾಟಿನಲ್ಲಿಟ್ಟವನೂ ನಾನೇ. ಆಮೇಲೆ ಎಲ್ಲರೆದುರು ಕೇಳಿದಾಗ ಇಲ್ಲ ಎಂದವನೂ — ಹೌದು, ಅವನೂ ನಾನೇ. ಆ ಒಂದು 'ಇಲ್ಲ'ದಿಂದ ಸವಿತಾ ಎಂಬ ಹುಡುಗಿಯ ಸಂಶೋಧನೆ ನಿಂತುಹೋಯಿತು. ಹನ್ನೆರಡು ವರ್ಷ ನಾನು ಬಾಯಿ ಬಿಡಲಿಲ್ಲ.

ನನ್ನ ಹೆಸರು ನಂಜಪ್ಪ. ಊರು ಶಾಂತಿಗ್ರಾಮ. ಓದಿದ್ದು ಎಸ್ಸೆಸ್ಸೆಲ್ಸಿ. ಹಾಸನದ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿ ಸೇರಿದವನು ಅಲ್ಲೇ ನಿವೃತ್ತನಾದೆ. ಗಾಜಿನ ಸಾಮಾನು ತೊಳೆಯುವುದು, ಒರೆಸುವುದು, ಜೋಡಿಸುವುದು ನನ್ನ ಕೆಲಸ. ಆ ಕೆಲಸ ನನಗೆ ಇಷ್ಟವಾಗಿತ್ತು. ತೊಳೆದ ಫ್ಲಾಸ್ಕನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಒಂದು ಹನಿಯೂ ಅಂಟದೆ ನೀರು ಜಾರಿಹೋಗುವುದನ್ನು ನೋಡುವ ಸಂತೋಷ — ಅದನ್ನು ಕಂಡವರೇ ಬಲ್ಲರು.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ತಕ್ಕಡಿ, ಬರ್ನರು, ಒಲೆಗಳಿಗೆಲ್ಲ ಕುಂಕುಮವಿಟ್ಟು ಪೂಜೆಯಾದ ಮೇಲೆ ಬಾಗಿಲಲ್ಲಿ ಬೂದುಗುಂಬಳ ಒಡೆಯುವ ಹಕ್ಕು, ಆ ವರ್ಷ ಒಂದೂ ಗಾಜಿನ ಸಾಮಾನು ಒಡೆಯದ ಕೆಲಸಗಾರನಿಗೆ. ಹತ್ತೊಂಬತ್ತು ವರ್ಷ ಬಿಡದೆ ನಾನೇ ಒಡೆದಿದ್ದೆ. ಬೇರೆ ಅಟೆಂಡರುಗಳು, "ನಂಜಣ್ಣನ ಕೈಗೆ ಗೋಂದು ಅಂಟೈತೆ ಕಣ್ಲಾ, ಅದ್ಕೇ ಏನೂ ಜಾರಕ್ಕಿಲ್ಲ" ಎಂದು ರೇಗಿಸುತ್ತಿದ್ದರು. ಅದು ನನಗೆ ಬಿರುದಿನ ಹಾಗೆ ಕೇಳಿಸುತ್ತಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೊನೆಯವರೆಗೂ ನಾನೇ ಒಡೆಯಬೇಕು ಎಂಬುದೊಂದು ಚಪಲ.

ಸವಿತಾ ಹಳೇಕೋಟೆ ಕಡೆಯ ರೈತರ ಮಗಳು. ನಾನು ಸವಿತಮ್ಮ ಎಂದೇ ಕರೆಯುತ್ತಿದ್ದೆ. ನಮ್ಮ ಪ್ರೊಫೆಸರ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಕೆಲಸ ಮಾಡುತ್ತಾ ಹಾಡಿಕೊಳ್ಳುವುದು, ತಪ್ಪಾದರೆ ತನಗೆ ತಾನೇ ಬೈದುಕೊಳ್ಳುವುದು ಅವಳ ಅಭ್ಯಾಸ. ಅವಳು ಬಂದ ಮೇಲೆ ಆ ಲ್ಯಾಬಿಗೆ ಜೀವ ಬಂತು. ನಾನು ಅಟೆಂಡರ್ ಎಂದು ದೂರವಿಡದೆ ಎಲ್ಲವನ್ನೂ ವಿವರಿಸುತ್ತಿದ್ದಳು.

ಅವಳು ಮಾಡುತ್ತಿದ್ದದ್ದು ಅರೆವಾಹಕ ವಸ್ತುವಿನ ಅತಿ ಸಣ್ಣ ಸ್ಫಟಿಕಗಳನ್ನು. ಕಣ್ಣಿಗೂ ಕಾಣದ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಗದ ಕಣಗಳು. ವಸ್ತು ಒಂದೇ, ಆದರೆ ಕಣ ಸಣ್ಣದಾದರೆ ಹಳದಿಯಾಗಿ ಹೊಳೆಯುತ್ತದೆ, ಕೊಂಚ ದೊಡ್ಡದಾದರೆ ಕಿತ್ತಳೆ, ಇನ್ನೂ ದೊಡ್ಡದಾದರೆ ಕೆಂಪು. ನೀಲಿ ಬಲ್ಬಿನ ಮೇಲೆ ಬಳಿದರೆ ಅದರ ಬೆಳಕನ್ನು ಕುಡಿದು ತನ್ನ ಬಣ್ಣದ ಬೆಳಕನ್ನು ಕೊಡುತ್ತದೆ. ಗಾಜಿಗೆ ಬಳಿದು ಸೌರ ಫಲಕದ ಮೇಲಿಟ್ಟರೆ, ಫಲಕಕ್ಕೆ ಒಗ್ಗದ ಬಿಸಿಲನ್ನು ಒಗ್ಗುವ ಹಾಗೆ ಮಾಡಿ ಕೊಡುತ್ತದೆ.

"ಎಣ್ಣೆ ಯಾಕವ್ವಾ ಇದಕ್ಕೆ?" ಎಂದು ಒಮ್ಮೆ ಕೇಳಿದೆ.

"ಮುದ್ದೆ ಕಟ್ಟೋವಾಗ ಕೈಗೆ ನೀರು ಮುಟ್ಟಿಸ್ಕೊಳಲ್ವಾ ನಂಜಣ್ಣ? ಇಲ್ದಿದ್ರೆ ಒಂದಕ್ಕೊಂದು ಅಂಟ್ಕೊಳುತ್ತೆ. ಒಂದೊಂದು ಕಣಕ್ಕೂ ಎಣ್ಣೆ ಕೋಟು ತೊಡಿಸ್ಬೇಕು. ಕೋಟು ಗಟ್ಟಿ ಇದ್ರೆ ಬಿಸಿಲಲ್ಲಿ ಬಾಳುತ್ತೆ, ಇಲ್ಲಾಂದ್ರೆ ಎಂಟೇ ದಿನಕ್ಕೆ ಮಂಕು."

ಆ ಎಂಟು ದಿನವೇ ಅವಳ ತೊಡಕು. ಹೊಳಪು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.

ಕಣಗಳಿಗೆ ಕೋಟು ತೊಡಿಸುವ ಹೊರದೇಶದ ಎಣ್ಣೆಯ ಬಾಟಲಿ ತಿಂಗಳುಗಟ್ಟಲೆ ಕಾದ ಮೇಲೆ ಬಂತು. ಆಯುಧಪೂಜೆಯ ಹಿಂದಿನ ದಿನ. ಆಫೀಸಿನಿಂದ ಲ್ಯಾಬಿಗೆ ತರುತ್ತಿದ್ದೆ. ಪೂಜೆಗೆಂದು ನಾನೇ ತೊಳೆದ ನೆಲ ಇನ್ನೂ ಒದ್ದೆಯಿತ್ತು. ಕಾಲು ಜಾರಿತು. ಅಷ್ಟೇ. ಹತ್ತೊಂಬತ್ತು ವರ್ಷ ಒಂದು ಗಾಜೂ ಒಡೆಯದ ಕೈಯಿಂದ ಅದು ಬಿತ್ತು. ಸುತ್ತ ಯಾರೂ ಇರಲಿಲ್ಲ.

ಯಾರಾದರೂ ಇದ್ದಿದ್ದರೆ — ಬೇಡ, ಆ ಮಾತು ಬೇಡ. ನಾನಂತೂ ಇದ್ದೆನಲ್ಲ.

ನೆಲ ಒರೆಸಿದೆ. ಗಾಜಿನ ಚೂರು ಗೋಣಿಯಲ್ಲಿ ಕಟ್ಟಿ ಎಸೆದೆ. ಹಳೆಯ ಖಾಲಿ ಬಾಟಲಿಯೊಂದು, ಅದೇ ಚೀಟಿಯದು, ನಾನೇ ತೊಳೆದಿಟ್ಟದ್ದು ಕಪಾಟಿನ ಕೆಳಗಿತ್ತು. ಮನೆಗೆ ಹೋಗಿ ಕೆಂಪಮ್ಮನಿಗೆ, "ಪ್ರೊಫೆಸರ್ ತಾಯಿಗೆ ತಲೆಗೆ ಹಚ್ಚೋಕೆ ಬೇಕಂತೆ" ಎಂದು ಸುಳ್ಳು ಹೇಳಿ ಹರಳೆಣ್ಣೆ ಇಸಿದುಕೊಂಡೆ. ಮೂರು ಪದರ ಪಂಚೆಯಲ್ಲಿ ಸೋಸಿದೆ. ಹಬ್ಬದ ದಿನ ಎಲ್ಲರಿಗಿಂತ ಮೊದಲು ಹೋಗಿ ಕಪಾಟಿನಲ್ಲಿಟ್ಟೆ. ಮಧ್ಯಾಹ್ನ ಕುಂಬಳಕಾಯಿಯನ್ನು ನನ್ನ ಕೈಗೇ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸವಿತಮ್ಮನ ಚಪ್ಪಾಳೆಯೇ ಜೋರು.

ಇನ್ನೊಂದು ಬಾಟಲಿ ಬರುವವರೆಗೆ ಹೇಗೋ ತಳ್ಳಿದರಾಯಿತು, ಪ್ರಯೋಗ ಕೆಟ್ಟರೆ ಕೆಡಲಿ, ಕೆಡುವುದು ಅವಳಿಗೆ ಹೊಸತೇನಲ್ಲ ಎಂದುಕೊಂಡಿದ್ದೆ. ಉಳಿದ ತಯಾರಿಯೆಲ್ಲ ಮುಗಿಸಿ ಅವಳು ಆ ಬಾಟಲಿ ತೆರೆದದ್ದು ಹಾಸನದ ಚಳಿ ಚೆನ್ನಾಗಿ ಹಿಡಿದ ಮೇಲೆ. ಅಸಲಿ ಎಣ್ಣೆಯೂ ಚಳಿಗೆ ಹೆಪ್ಪುಗಟ್ಟುವಂಥದ್ದೇ. ಹಾಗಾಗಿ ಬಾಟಲಿ ಬಗ್ಗಿಸಿ, "ನೋಡಿ ನಂಜಣ್ಣ, ನಮ್ಮೂರ ಚಳಿಗೆ ಇದೂ ಮಂದ ಆಗೋಗಿದೆ" ಎಂದಳೇ ಹೊರತು ಅನುಮಾನಪಡಲಿಲ್ಲ. ಮೂಗಿನ ಹತ್ತಿರ ತಂದು, "ನಮ್ಮಜ್ಜಿ ನೆತ್ತಿಗೆ ಎಣ್ಣೆ ಒತ್ತಿದಂಗಾಯ್ತು" ಎಂದು ನಕ್ಕಳು. ನಾನು ತೊಳೆದಿದ್ದ ಫ್ಲಾಸ್ಕನ್ನೇ ಮತ್ತೆ ತೊಳೆಯತೊಡಗಿದೆ.

ಪ್ರಯೋಗ ಕೆಡಲಿಲ್ಲ. ಅಲ್ಲೇ ನೋಡಿ ನನ್ನ ಗ್ರಹಚಾರ. ಆ ಹರಳೆಣ್ಣೆಯಲ್ಲಿ ಹುಟ್ಟಿದ ಕಣಗಳು ದೀಪದಡಿ ಹಿಡಿದರೆ ಮುತ್ತುಗದ ಹೂವಿನ ಹಾಗೆ ಉರಿದವು. ಗಾಜಿಗೆ ಬಳಿದು ತಾರಸಿಯ ಬಿಸಿಲಿಗಿಟ್ಟರೆ ಎಂಟು ದಿನವಾದರೂ ಮಂಕಾಗಲಿಲ್ಲ, ತಿಂಗಳಾದರೂ ಆಗಲಿಲ್ಲ. ಸವಿತಮ್ಮ ಲ್ಯಾಬಿನಲ್ಲಿ ಕುಣಿದೇಬಿಟ್ಟಳು. ಎಲ್ಲರಿಗೂ ಮೈಸೂರುಪಾಕು ಹಂಚಿದಳು. ನನಗೆ ಎರಡು. ನಾನು ತಿಂದೆ, ನಾಚಿಕೆ ಇಲ್ಲದೆ. ಅವಳ ಸಂತೋಷ ನೋಡಿ ನನಗೂ ನಿಜವಾಗಿ ಸಂತೋಷವಾಗಿತ್ತು.

ಬಾಟಲಿ ಮುಗಿಯಿತು. ಹೊಸದು ಬಂತು, ಅಸಲಿಯದು. ಮತ್ತೆ ಎಂಟೇ ದಿನಕ್ಕೆ ಮಂಕು. ಅವಳು ಉಷ್ಣತೆ ಬದಲಿಸಿದಳು, ಹೊತ್ತು ಬದಲಿಸಿದಳು, ನೀರು ಬದಲಿಸಿದಳು. ಐದಾರು ತಿಂಗಳು ಹೀಗೇ. ಹಾಡು ನಿಂತಿತು. ಅಷ್ಟರಲ್ಲಿ ಹೊರಗಿನ ಪರೀಕ್ಷಕರು ಮತ್ತೆ ಮಾಡಿ ತೋರಿಸಿ ಎಂದರು, ಅವಳಿಂದ ಆಗಲಿಲ್ಲ. ಸೆಮಿನಾರ್ ಕೊಠಡಿಯಲ್ಲಿ ವಿಭಾಗದವರೆಲ್ಲ ಸೇರಿದ ದಿನ ಪ್ರೊಫೆಸರು ಅವಳ ನೋಟ್‌ಬುಕ್ ಮೇಜಿನ ಮೇಲಿಟ್ಟು, "ಬೆಳಕು ಕಣದಲ್ಲಿ ಬರಬೇಕಮ್ಮ, ಬರವಣಿಗೆಯಲ್ಲಿ ಅಲ್ಲ" ಎಂದರು.

ಅವಳು ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದಳು. "ನಂಜಣ್ಣ, ಸಾಮಾನೆಲ್ಲ ಎತ್ತಿಡೋರು ನೀವು. ಆ ಬಾಟಲಿ ಏನಾದ್ರೂ ಬದಲಾಗಿತ್ತಾ? ನೆನಪು ಮಾಡ್ಕೊಂಡು ಹೇಳಿ."

"ಇಲ್ಲಮ್ಮ" ಎಂದೆ.

ನೆನಪು ಮಾಡಿಕೊಳ್ಳುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಅವಳು ಆ ವರ್ಷವೇ ಸಂಶೋಧನೆ ಬಿಟ್ಟಳು. ಫೈಲಿನಲ್ಲಿ ಫಲಿತಾಂಶ ನಂಬಲರ್ಹವಲ್ಲ ಎಂದು ಷರಾ ಬಿತ್ತು. ಚನ್ನರಾಯಪಟ್ಟಣದಲ್ಲಿ ಪಿಯು ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ ಎಂದು ಆಮೇಲೆ ಕೇಳಿದೆ. ನಾನು ಹಾರ ಹಾಕಿಸಿಕೊಂಡು ನಿವೃತ್ತನಾದೆ.

ಕಳೆದ ವರ್ಷ ಕೆಂಪಮ್ಮ, ನಾನು ಟಿವಿ ಕೊಳ್ಳಲು ಹಾಸನಕ್ಕೆ ಹೋಗಿದ್ದೆವು. ಅಂಗಡಿಯವನು ಒಂದು ಟಿವಿ ಹಚ್ಚಿ, "ಇದ್ರಾಗೆ ಕ್ವಾಂಟಮ್ ಡಾಟ್ ಐತೆ ಯಜಮಾನ್ರೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಆ ಟೊಮೆಟೊ ನೋಡಿ, ಕೈ ಆಕಿ ಕಿತ್ಕಳಾವ ಅನ್ಸಲ್ವಾ?" ಎಂದ. ಅದೇ ಕೆಂಪು. ಸವಿತಮ್ಮ ಕುಣಿದ ದಿನದ ಕೆಂಪು. ಅಲ್ಲಿ ನಿಲ್ಲಲಾಗಲಿಲ್ಲ. ಟಿವಿ ಕೊಳ್ಳದೆ ಬಸ್ಸು ಹತ್ತಿದೆವು. ಶಾಂತಿಗ್ರಾಮ ಬರುವುದರೊಳಗೆ ಕೆಂಪಮ್ಮನಿಗೆ ಎಲ್ಲ ಹೇಳಿದೆ.

"ನಿನ್ ಮನೆ ಕಾಯೋಗ!" ಎಂದು ಶಪಿಸಿದಳು, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ. ಸಿಟ್ಟಿನಲ್ಲಿ ಅದು ತನ್ನ ಮನೆಯೂ ಹೌದೆಂಬುದು ಅವಳಿಗೆ ಮರೆತಿತ್ತು. "ಮೇಷ್ಟ್ರ ತಾಯಿ ತಲೆಗೆ ಅಂತ ಈಸ್ಕಂಡೋಗಿ ಇಂಥಾ ಕೆಲ್ಸ ಮಾಡುದ್ಯಾ? ಆ ಮಗೀನ ಓದು ಕಳ್ದಲ್ಲಾ! ನಾಳೀಕೇ ಓಗು. ಬರೀ ಕೈಲಿ ಓದ್ರೆ ಯಾರು ನಂಬ್ತಾರೆ? ಎಣ್ಣೆ ತಕಂಡೋಗು."

ಮಾರನೆಯ ದಿನ ಸೀಸೆ ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ. ಸವಿತಮ್ಮ ಕಾಲೇಜಿನ ಪುಟ್ಟ ಲ್ಯಾಬಿನಲ್ಲಿದ್ದಳು. ನನ್ನನ್ನು ಕಂಡದ್ದೇ, "ಅಯ್ಯೋ ನಂಜಣ್ಣ! ಬನ್ನಿ ಬನ್ನಿ. ಹಲ್ಲೆಲ್ಲ ಎಲ್ಲೋದ್ವು?" ಎಂದು ಕುರ್ಚಿ ಎಳೆದಳು. ಕೂರಲಿಲ್ಲ. ನಿಂತೇ ಹೇಳಿದೆ.

ಅವಳ ಮೊದಲ ಪ್ರಶ್ನೆ ಏನು ಗೊತ್ತೇ? "ಬೀಜ ಹುರೀತಾರಾ, ಹಸೀದೇ ಕುಟ್ತಾರಾ?"

ಹುರಿಯುತ್ತಾರೆ ಎಂದೆ. ಅವಳು ನಕ್ಕಳು. ಮೇಜು ಹಿಡಿದುಕೊಂಡು ನಕ್ಕಳು. "ಹರಳೆಣ್ಣೆ! ದೇವ್ರೇ, ಅಜ್ಜಿ ವಾಸನೆ ಅಂತ ನಾನೇ ಹೇಳಿದ್ನಲ್ಲ!" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಾನೂ ನಗಲೋ ಬೇಡವೋ ಎನ್ನುವಷ್ಟರಲ್ಲಿ ಅವಳ ನಗು ನಿಂತಿತ್ತು.

"ಅವ್ರು ನನ್ನ ನಂಬ್ಲಿಲ್ಲ, ಅದು ಹೋಗ್ಲಿ ನಂಜಣ್ಣ. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಆಸೆಗೆ ಬಿದ್ದು ನಾನೇ ಇಲ್ದಿದ್ದನ್ನ ಕಂಡ್ನೇನೋ, ನಾನೇ ಸುಳ್ಳು ಬರೆದ್ನೇನೋ ಅಂತ… ಹನ್ನೆರಡು ವರ್ಷ."

ಇದು ನನಗೆ ಗೊತ್ತಿರಲಿಲ್ಲ. ಓದು ಹಾಳು ಮಾಡಿದೆ ಎಂದಷ್ಟೇ ತಿಳಿದಿದ್ದೆ. ಅವಳ ಕಣ್ಣನ್ನೇ ಅವಳು ನಂಬದ ಹಾಗೆ ಮಾಡಿದ್ದೆ. ಕಾಲಿಗೆ ಬೀಳಲು ಬಗ್ಗಿದೆ. ಅವಳು ತೋಳು ಹಿಡಿದು ನಿಲ್ಲಿಸಿದಳು.

"ಕ್ಷಮಿಸೋದು ಬಿಡೋದು ಆಮೇಲೆ ನೋಡೋಣ. ಮೊದ್ಲು ಸೀಸೆ ಕೊಡಿ."

ಬೇಸಿಗೆ ರಜೆಯಲ್ಲಿ ಅವಳು ಹಾಸನದ ಅದೇ ಲ್ಯಾಬಿಗೆ ಬಂದಳು. ಪ್ರೊಫೆಸರಿಗೆ ಫೋನಿನಲ್ಲೇ ಎಲ್ಲ ಹೇಳಿದ್ದಳು, ಅವರು ಒಪ್ಪಿದ್ದರು. ಕೆಂಪಮ್ಮನನ್ನೂ ಕರೆಸಿದರು. ಎಷ್ಟು ಹುರಿಯಬೇಕು, ಎಷ್ಟು ಕುದಿಯಬೇಕು, ತೇಲಿದ ಎಣ್ಣೆ ಯಾವಾಗ ತೆಗೆಯಬೇಕು ಎಂದು ಸವಿತಮ್ಮ ಒಂದೊಂದೂ ಬರೆದುಕೊಂಡಳು. "ಇದ್ನೂ ಬರ್ಕತೀಯೇನವ್ವಾ? ನಮ್ಮತ್ತೆ ಸೌಟಲ್ಲಿ ವಡ್ದು ನಂಗೆ ಕಲ್ಸಿದ್ಲು, ಅದ್ನೂ ಬರ್ಕೊ" ಎಂದಳು ಕೆಂಪಮ್ಮ. ಪ್ರೊಫೆಸರೂ ನಕ್ಕುಬಿಟ್ಟರು.

ಕಿಟಕಿ ಪರದೆ ಎಳೆದು ದೀಪ ಹಚ್ಚಿದಾಗ, ಆ ಎಣ್ಣೆಯಲ್ಲಿ ಮಾಡಿದ ಕಣಗಳ ಸೀಸೆ ಕೆಂಪಗೆ ಉರಿಯಿತು. ಕೆಂಪಮ್ಮ ಹತ್ತಿರ ಹೋಗಿ, "ಅಯ್ಯಪ್ಪಾ, ಕೆಂಡ ಕಂಡಂಗದೆ, ತಣ್ಣಗದೆ!" ಎಂದಳು. ಸವಿತಮ್ಮ ಸೀಸೆಯ ಕಡೆ ಬಗ್ಗಿದಳು. ತುಟಿ ಅಲುಗುತ್ತಿತ್ತು. ಹತ್ತಿರ ನಿಂತವನಿಗೆ ಮಾತ್ರ ಕೇಳಿಸಿತು — ಹಾಡಿಕೊಳ್ಳುತ್ತಿದ್ದಳು.

ಎರಡು ಗಾಜು ತಾರಸಿಯ ಮೇಲಿಟ್ಟೆವು, ಒಂದು ಅಸಲಿ ಎಣ್ಣೆಯದು, ಒಂದು ನಮ್ಮ ಮನೆಯದು. ದಿನಾ ಶಾಂತಿಗ್ರಾಮದಿಂದ ಬಸ್ಸಿನಲ್ಲಿ ಬಂದು ಧೂಳು ಒರೆಸುವುದು ನನ್ನ ಕೆಲಸ. ಎಂಟು ದಿನಕ್ಕೆ ಅಸಲಿ ಎಣ್ಣೆಯದು ಮಂಕಾಯಿತು. ನಮ್ಮ ಮನೆಯದು ಆಷಾಢದ ಮೋಡ ಕವಿಯುವವರೆಗೂ ಹೊಳೆಯುತ್ತಲೇ ಇತ್ತು. ಪ್ರೊಫೆಸರು ಆ ಗಾಜನ್ನು ಕೈಯಲ್ಲಿ ಹಿಡಿದೇ, "ತಪ್ಪಾಯ್ತಮ್ಮ ಸವಿತಾ" ಎಂದರು. ಅಷ್ಟು ದೊಡ್ಡವರು ತಲೆ ತಗ್ಗಿಸಿದ್ದು ನನ್ನ ಸುಳ್ಳಿಗಾಗಿ.

ಸವಿತಮ್ಮ ಮತ್ತೆ ನೋಂದಾಯಿಸಿಕೊಂಡಿದ್ದಾಳೆ. ಮೊನ್ನೆ ತಾನು ಬರೆದ ಪ್ರಬಂಧದ ಕರಡನ್ನು ಕನ್ನಡದಲ್ಲಿ ನನಗೆ ವಿವರಿಸಿ ಹೇಳಿದಳು. ಒಂದು ಕಡೆ, ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಎಣ್ಣೆ ಬದಲಾಗಿದ್ದರಿಂದ ಈ ಗುಣ ಕಂಡುಬಂತು ಎಂದಿತ್ತು. ನಿಲ್ಲಿಸಿ, "ಹೀಗೇ ಇರ್ಲಿ ಅಲ್ವಾ ನಂಜಣ್ಣ? ಯಾರಿಗೂ ನೋವಿಲ್ಲ" ಎಂದಳು. ಅದು ಅವಳ ದೊಡ್ಡತನ. ಅದರ ನೆರಳಲ್ಲಿ ನಾನು ಸುಮ್ಮನೆ ಕೂತುಬಿಡಬಹುದಿತ್ತು.

"ಬೇಡಮ್ಮ. ಬಾಟ್ಲಿ ಒಡ್ದಿದ್ದು ಆಕಸ್ಮಿಕ. ಎಣ್ಣೆ ತುಂಬಿದ್ದು ನಾನು. ಇಲ್ಲ ಅಂದಿದ್ದೂ ನಾನು" ಎಂದೆ.

ಅವಳು ಪೆನ್ನು ತೆಗೆದು, ಆಕಸ್ಮಿಕ ಎಂಬ ಪದಕ್ಕೆ ಅಡ್ಡಗೆರೆ ಎಳೆದಳು. ಅವಳ ಹಳೆಯ ಫೈಲಿನಲ್ಲಿ ಆ ಷರಾದ ಪಕ್ಕಕ್ಕೆ ಸೇರಿಸಲು ನನ್ನ ಹೇಳಿಕೆ ಬೇಕೆಂದು ವಿಭಾಗದವರು ಕೇಳಿದ್ದಾರೆ. ಇಷ್ಟೂ ಬರೆದದ್ದು ಅದಕ್ಕೇ. ನಾಳೆ ಅದೇ ಸೆಮಿನಾರ್ ಕೊಠಡಿಯಲ್ಲಿ, ಆ ದಿನ ಇದ್ದವರಲ್ಲಿ ಬರಬಲ್ಲವರೆಲ್ಲರ ಮುಂದೆ ಇದನ್ನು ನಿಂತು ಓದುತ್ತೇನೆ. ಸವಿತಾ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೆಳಗಿನ ಸಹಿ ನನ್ನದು.

ನಂಜಪ್ಪ, ನಿವೃತ್ತ ಅಟೆಂಡರ್