ಸಂಪಾದಕರ ಮೇಜಿನ ಮೇಲೆ ಬರೆದ ಹಾಳೆ

ಕಂಬಾರ ಕಾಕಾ ಶಾಲೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಧ್ಯಾಹ್ನದ ಬಿಡುವು, ಮಕ್ಕಳೆಲ್ಲ ಉಣ್ಣಲು ಮನೆಗೆ ಹೋಗಿದ್ದರು. ಅವರು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ, ಬಟ್ಟೆ ಒಗೆಯುವ ಸಬಕಾರದ ಒಂದು ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಅದರ ಒಂದು ಮಗ್ಗುಲಿಗೆ ಏನೋ ಒತ್ತಿದ ಗುರುತಿತ್ತು: ಒಂದು ದುಂಡು ಗೆರೆ, ಒಳಗೆ ಎರಡು ಇಂಗ್ಲಿಷ್ ಅಕ್ಷರ, ಕೆಳಗೊಂದು ಅಂಕಿ.

"ಮಾಸ್ತರ್ರ, ಇದರಾಗ ಏನ್ ಬರದೈತಿ, ಒಂದಿಷ್ಟು ಓದಿ ಹೇಳ್ರಿ."

ಅದು ಅರಣ್ಯ ಇಲಾಖೆಯವರು ಕಡಿದ ಮರಕ್ಕೆ ಸುತ್ತಿಗೆಯಿಂದ ಹೊಡೆಯುವ ಮುದ್ರೆ. ಮುದ್ರೆ ಬಿದ್ದಿದ್ದರೆ ಮರ ಸರಕಾರ ಮಾರಿದ್ದು, ಬೀಳದಿದ್ದರೆ ಕಳವಿನದು. ನಾನು ಮಾಸ್ತರಿಕೆ ಮಾಡುತ್ತಿದ್ದ ಊರು ಕಲಘಟಗಿ ತಾಲೂಕಿನಲ್ಲಿ, ದುಮ್ಮವಾಡದ ಆಚೆ. ಊರ ಬೆನ್ನಿಗೇ ಸಾಗವಾನಿ ಅಡವಿ. ಕಾಕಾ ಅಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಸಂಶಯ ಬಂದಿತ್ತು. ನನ್ನ ಬಾಯಿಂದ ಕೇಳಿ ಖಾತ್ರಿ ಮಾಡಿಕೊಳ್ಳಲು ಬಂದಿದ್ದರು.

"ಹ್ವಾದ ವರ್ಷ ಇಂಥಾದ್ದ ಒಂದು ಸುತಗಿ ಮಾಡಿ ಕೊಟ್ಟೇನ್ರಿ," ಅಂದರು. "ಕಟ್ಟಿಗಿ ಅಡ್ಡೇದ ಸಾವಕಾರನ ಗುಮಾಸ್ತ ಬಂದಿದ್ದ. ನಮ್ಮ ಅಡ್ಡೇದ ಗುರ್ತು, ಹಳೇದು ಸವದೈತಿ ಅಂದ. ಮಾಡಿದೆ. ಈಗ ಮತ್ತ ಎರಡು ಬೇಕಂತ, ನಮೂನಿಗೆ ಈ ಸಬಕಾರ ಕೊಟ್ಟು ಹೋಗ್ಯಾನ. ಒಂದು ಅಡ್ಡೇಕ್ಕ ಮೂರು ಸುತಗಿ ಯಾಕ್ರಿ?"

"ಈಗೇನ್ ಮಾಡ್ತೀರಿ ಕಾಕಾ?"

"ಮಾಡೂದಿಲ್ಲ. ಕೈಗೆ ಪೆಟ್ಟಾಗೇತಿ ಅಂತ ಹೇಳೇನಿ. ಆದ್ರ ಮಾಡಿದ್ದು ಮಾಡೇ ಬಿಟ್ಟೇನಲ್ರಿ."

ನಾನಾಗ ಇಪ್ಪತ್ತಾರರ ಹುಡುಗ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಆಗಾಗ ಬರೆಯುತ್ತಿದ್ದೆ. ಬಸ್ಸು ಬಾರದ್ದು, ಬಾವಿ ಬತ್ತಿದ್ದು, ಶಾಲೆಯ ಹಂಚು ಹಾರಿದ್ದು, ಇಂಥವು. ಅದರ ಸಂಪಾದಕರೇ ನನಗೆ ಬರೆಯಲು ಕಲಿಸಿದವರು. ಗೋವಾ ವಿಮೋಚನೆಯಲ್ಲಿ ಲಾಠಿ ಏಟು ತಿಂದು ಎಡಗೈ ಪೂರ್ತಿ ಮಡಚಲಾಗದ ಮನುಷ್ಯ. ನಾನು ಕೊಟ್ಟ ಬರಹದ ಪ್ರತಿ ಸಾಲಿನ ಕೆಳಗೂ ಫೂಟುಪಟ್ಟಿ ಇಟ್ಟು ಓದುತ್ತಿದ್ದರು. ನೀಲಿ ಪೆನ್ಸಿಲಿನಿಂದ ಗುಣವಾಚಕಗಳನ್ನು ಹೊಡೆದುಹಾಕಿ, "ಇದು ನಿನಗ ಸಿಟ್ಟು ಬಂದೈತಿ ಅಂತ ತೋರಸ್ತೈತಿ ತಮ್ಮಾ. ಓದಾವಗ ಸಿಟ್ಟು ಬರಬೇಕು," ಅನ್ನುತ್ತಿದ್ದರು. ತಮ್ಮ ಚಹಾದಲ್ಲಿ ಅರ್ಧ ಬಸಿಗೆ ಸುರುವಿ ನನ್ನ ಕಡೆ ಸರಿಸುತ್ತಿದ್ದರು. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಆ ಅರ್ಧ ಬಸಿ ಚಹಾ ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಇದನ್ನು ಬರೆಯುತ್ತೇನೆ ಎಂದು ಕಾಕಾನಿಗೆ ಹೇಳಿದೆ. ಅವರು ಸಬಕಾರವನ್ನು ಮತ್ತೆ ಗಂಟು ಕಟ್ಟಿಕೊಳ್ಳುತ್ತ, "ಬರೀರಿ. ಆದ್ರ ನನ್ನ ಹೆಸರು ಕಾಗದದ ಮ್ಯಾಲ ಬೀಳಬಾರದು," ಅಂದರು. ಬೀಳುವುದಿಲ್ಲ ಎಂದು ಮಾತು ಕೊಟ್ಟೆ.

ಆಮೇಲೆ ನಾಲ್ಕು ತಿಂಗಳು ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕಾಕಾ ಕುಲುಮೆಗೆ ಇದ್ದಿಲು ತರಲು ಅಡವಿಗೆ ಹೋಗುತ್ತಿದ್ದರು. ಜತೆಗೆ ನಾನೂ ಹೋದೆ. ಅವರು ಕಾಲಿನಿಂದ ತರಗೆಲೆ ಸರಿಸಿ ತೋರಿಸಿದರು. ಕಡಿದ ಮರದ ಬೊಡ್ಡೆಗಳಿಗೆ ಕೆಸರು ಮೆತ್ತಿ, ಮೇಲೆ ಎಲೆ ಮುಚ್ಚಿದ್ದರು. ಇಲಾಖೆ ಕಡಿಸಿದ ಮರವಾದರೆ ಬೊಡ್ಡೆಯ ಮೇಲೂ ಮುದ್ರೆ ಹೊಡೆಯುತ್ತಾರೆ. ಇವುಗಳ ಮೇಲೆ ಏನೂ ಇರಲಿಲ್ಲ. ಸಾಗಿಸುವ ದಿಮ್ಮಿಗಷ್ಟೇ ಕಳ್ಳ ಮುದ್ರೆ ಬೀಳುತ್ತಿತ್ತು.

ಉಳಿದದ್ದನ್ನು ರಸ್ತೆಯ ತಪಾಸಣಾ ಗೇಟಿನ ಬಾಜೂಕಿನ ಚಾದಂಗಡಿಯಲ್ಲಿ ಕುಳಿತು ನೋಡಿದೆ. ಹುಲ್ಲಿನ ಗಾಡಿಗಳು ಹುಬ್ಬಳ್ಳಿ ಕಡೆಗೆ ಹೋಗುತ್ತಿದ್ದವು. ಭತ್ತದ ಹುಲ್ಲು ಮಾರುವ ಕಾಲ ಮುಗಿದೇ ಹೋಗಿತ್ತು, ಆದರೂ ಹೋಗುತ್ತಿದ್ದವು. ಒಂದೊಂದು ಗಾಡಿಗೂ ನಾಲ್ಕು ಎತ್ತು. ಹುಲ್ಲು ಎಳೆಯಲು ನಾಲ್ಕು ಎತ್ತು ಯಾರು ಹೂಡುತ್ತಾರೆ? ಲಾರಿಯಲ್ಲಿ ಹೋಗುವ ದಿಮ್ಮಿಗಳಿಗೆ ಅರಣ್ಯ ಇಲಾಖೆಯ ಸಾಗಣೆ ಪಾಸು ಇರುತ್ತಿತ್ತು. ಗೇಟಿನ ಕಾವಲುಗಾರನ ಕಣ್ಣಿಗೆ ಪೊರೆ ಬಂದಿತ್ತು. ಪಾಸಿನ ನಂಬರು ರಿಜಿಸ್ಟರಿಗೆ ಬರೆಯಲು ಚಾದಂಗಡಿಯಲ್ಲಿ ಯಾರಿದ್ದರೂ ಕರೆಯುತ್ತಿದ್ದ. ನನ್ನನ್ನೂ ಕರೆದ. ಬರೆಯುತ್ತ ಹಿಂದಿನ ಪುಟ ತಿರುವಿದೆ. ಅದೇ ನಂಬರಿನ ಪಾಸು ಆ ತಿಂಗಳಲ್ಲಿ ಮತ್ತೆ ಮತ್ತೆ ದಾಟಿ ಹೋಗಿತ್ತು. ಕೈಯಲ್ಲಿದ್ದ ಪಾಸಿನ ಮೇಲೆ ತಾರೀಖು ಮಾತ್ರ ಅಳಿಸಿ ತಿದ್ದಿದ್ದರು. ಪ್ರತಿ ಸಲವೂ ಅಡ್ಡೆಯ ಸಾವಕಾರನದೇ ಲಾರಿ. ಪಾಸಿಗೆ ಸಹಿ ಹಾಕಿದ ಅಧಿಕಾರಿಯೂ ಒಬ್ಬನೇ. ಎಲ್ಲವನ್ನೂ ನೋಟುಬುಕ್ಕಿಗೆ ಇಳಿಸಿಕೊಂಡೆ.

ಹದಿನಾಲ್ಕು ಪುಟ ಬರೆದು, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹುಬ್ಬಳ್ಳಿಗೆ ಹೋದೆ. ಸಂಪಾದಕರು ಫೂಟುಪಟ್ಟಿ ಇಟ್ಟು ಪೂರ್ತಿ ಓದಿದರು. ನೀಲಿ ಪೆನ್ಸಿಲು ಮುಟ್ಟಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದು ಕಡಿಮೆ.

"ಎಲ್ಲಾ ಸರಿ ಐತಿ," ಅಂದರು. "ಆದ್ರ ಖೊಟ್ಟಿ ಸುತಗಿ ಐತಿ ಅಂತ ಬರದಿ. ನೀ ಅದನ್ನ ನೋಡಿಲ್ಲ. ನಿನಗ ಹೇಳಿದಾವ ಯಾರು?"

"ಹೇಳಾಕ ಬರೂದಿಲ್ರಿ. ಮಾತು ಕೊಟ್ಟೇನಿ."

"ನಾಳೆ ನನ್ನ ಕೋರ್ಟಿಗೆ ಎಳದ್ರ? ಛಾಪಿಸೂದಿಲ್ಲ ತಮ್ಮಾ. ನನ್ನ ಕಣ್ಣಿಗಷ್ಟ. ಓದಿ, ನಿನ್ನ ಎದರಿಗೇ ಸುಟ್ಟ ಬಿಡ್ತೀನಿ. ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು?"

ಅವರದೇ ಮೇಜಿನ ಮೇಲೆ, ಅವರದೇ ಹಾಳೆ ತೆಗೆದುಕೊಂಡು ಬರೆದೆ. ಕಾಕಾನ ಹೆಸರು, ಊರು, ಸಬಕಾರದ ತುಂಡು, ಯಾವಾಗ ಮಾಡಿಕೊಟ್ಟದ್ದು, ಯಾರು ಹೇಳಿ ಮಾಡಿಸಿದ್ದು. ಬರೆದು ಕೊಡುವಷ್ಟರಲ್ಲಿ ಯಾರೋ ಬಂದರು, ಕೊನೆಯ ಬಸ್ಸಿಗೆ ಹೊತ್ತಾಯಿತು, ನಾನು ಎದ್ದೆ. "ಹೋಗು, ನಾ ನೋಡ್ಕೋತೀನಿ," ಎಂದು ಹಾಳೆ ಮಡಚಿ ಡ್ರಾದಲ್ಲಿಟ್ಟರು. ಸುಡುವುದನ್ನು ನಾನು ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ.

ಮುಂದಿನ ವಾರ ಮೊದಲ ಭಾಗ ಬಂತು. ಯಾರ ಹೆಸರೂ ಇರಲಿಲ್ಲ. ಹೆಸರುಗಳು ಮುಂದಿನ ಸಂಚಿಕೆಯಲ್ಲಿ ಎಂದು ಕೆಳಗೆ ದಪ್ಪ ಅಕ್ಷರದಲ್ಲಿತ್ತು. ಮುಂದಿನ ಸಂಚಿಕೆಯಲ್ಲಿ ಏನೂ ಬರಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಹೋಗಿ ಕೇಳಿದೆ. ಅದು ತುರ್ತು ಪರಿಸ್ಥಿತಿಯ ಕಾಲ, ಪತ್ರಿಕೆಗಳ ಮೇಲೆ ಸರಕಾರದ ಕಣ್ಣಿತ್ತು. "ಸೆನ್ಸಾರಿನವರು ತಡದಾರ," ಅಂದರು, ದನಿ ತಗ್ಗಿಸಿ. ನಂಬಿದೆ. ಅವರ ಬಗ್ಗೆ ಕನಿಕರವೂ ಬಂತು. ಇಂಥ ಮನುಷ್ಯನ ಕೈಯನ್ನೂ ಕಟ್ಟಿಹಾಕಿದರಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮರುಗಿದೆ.

ಹತ್ತು ದಿನದ ಮೇಲೆ, ನಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಾಗ, ಕಾಕಾನ ಹೆಂಡತಿ ಬಂದು ಶಾಲೆಯ ಬಾಗಿಲಲ್ಲಿ ನಿಂತರು. ತಲೆಯ ಮೇಲಿನ ಸೆರಗು ಜಾರಿತ್ತು. ಊರಲ್ಲಿ ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದರು.

"ಪೊಲೀಸರು ಬಂದು ಕರಕೊಂಡು ಹೋದ್ರು, ಮಾಸ್ತರ್ರ. ಕುಲಮಿ ಎಲ್ಲಾ ಅಗದು ನೋಡಿದ್ರು. ಸರಕಾರದ ಮುದ್ರಿ ಖೊಟ್ಟಿ ಮಾಡ್ಯಾನ ಅಂತಾರ." ನನ್ನನ್ನೇ ನೋಡುತ್ತ ಅಂದರು: "ನಿಮಗೊಬ್ಬರಿಗೇ ಹೇಳಿದ್ದೆ ಅಂತಿದ್ರು ನಮ್ಮವರು."

ಊರಿನ ಪರಿಚಯದವರೊಬ್ಬರ ಮುಖಾಂತರ, ಮರುದಿನವೇ ಕಲಘಟಗಿಯ ಹಿರಿಯ ಮುಸಲ್ಮಾನ ವಕೀಲರೊಬ್ಬರ ಹತ್ತಿರ ಹೋದೆ. ಬಡವರ ಕೇಸು ನಡೆಸುತ್ತಾರೆ ಎಂದು ಅವರಿಗೆ ಹೆಸರಿತ್ತು. ಒಪ್ಪಿಕೊಂಡರು. ವಾರದೊಳಗೆ ಕಾಗದಪತ್ರದ ನಕಲು ತರಿಸಿ, ನನ್ನನ್ನು ಕರೆಸಿ ಎದುರಿಗಿಟ್ಟರು. "ಇದೆಲ್ಲಾ ಈ ಒಂದು ಚೀಟಿ ಮ್ಯಾಲ ನಿಂತೈತಿ. ಮೂಲದಾಗ ಯಾರದೋ ಕೈಬರಹ. ಸಹಿ ಇಲ್ಲ. ಯಾರೋ ಮಾಸ್ತರ ಬರದಾನ ಅಂತ ಪೊಲೀಸರು ಅಂತಾರ. ಗುರ್ತ ಸಿಗತೈತೇನ್ ನೋಡ್ರಿ."

ಗುರುತು ಸಿಗದೆ ಏನು? ಬೇರೆ ಯಾರೋ ನೋಡಿಕೊಂಡು ನಕಲು ಮಾಡಿದ್ದರೂ ಮಾತು ಮಾತೂ ನನ್ನದು. ಒಂದು ವಿಶೇಷವಿತ್ತು. ಯಾರು ಹೇಳಿ ಮಾಡಿಸಿದ್ದು ಎಂದು ನಾನು ಬರೆದಿದ್ದ ಕೊನೆಯ ಸಾಲುಗಳು ಇರಲಿಲ್ಲ. ಅಲ್ಲಿಗೆ ಮೂಲ ಹಾಳೆಯನ್ನೇ ಕತ್ತರಿಸಿದೆ ಎಂದು ನಕಲಿನ ಕೆಳಗೆ ಷರಾ ಇತ್ತು. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಅಡ್ಡೆಯ ಸಾವಕಾರನದು. ಕಂಬಾರ ತಾನಾಗಿಯೇ ಖೊಟ್ಟಿ ಸುತ್ತಿಗೆ ಮಾರಲು ತನ್ನ ಹತ್ತಿರ ಬಂದಿದ್ದ, ತಾನು ಬೈದು ಕಳಿಸಿದೆ ಎಂದು ಆತ ಹೇಳಿಕೆ ಕೊಟ್ಟಿದ್ದ.

"ಬರದಾವ ನಾನಽ," ಎಂದೆ.

ವಕೀಲರು ಕನ್ನಡಕ ತೆಗೆದಿಟ್ಟರು. "ಆ ಮುದುಕಗ ಠಾಣೇದಾಗ ಇದನ್ನ ಓದಿ ತೋರಿಸ್ಯಾರ. ನಿಮ್ಮ ಮಾಸ್ತರನಽ ಕೊಟ್ಟಾನ ಅಂತ ಹೇಳ್ಯಾರ. ನನಗ ಅಂವ ಹೇಳಿದ್ದು ಒಂದಽ ಮಾತು: ಮಾಸ್ತರ್ರು ಹಂಗ ಮಾಡೂ ಪೈಕಿ ಅಲ್ಲ ಅಂತ. ನಾ ಏನ್ ಹೇಳ್ಲಿ ಈಗ ಅವಗ?"

ಅಲ್ಲಿಂದ ನೇರ ಹುಬ್ಬಳ್ಳಿಗೆ ಹೋದೆ. ಸಂಪಾದಕರು ಕಚೇರಿಯಲ್ಲಿ ಒಬ್ಬರೇ ಇದ್ದರು. ಅಲ್ಲಗಳೆಯುತ್ತಾರೆ, ಯಾರೋ ಕದ್ದರು ಅನ್ನುತ್ತಾರೆ ಎಂದು ದಾರಿಯಲ್ಲಿ ಆಸೆ ಇಟ್ಟುಕೊಂಡಿದ್ದೆ. ಅನ್ನಲಿಲ್ಲ.

"ಸಾವಕಾರ ಇಲ್ಲೇ ಬಂದು ಕುಂತ," ಅಂದರು. "ಸಂಗಾಟ ಆ ಅಧಿಕಾರಿ. ನೀ ಬರದದ್ದು ಛಾಪಿಸಿದ್ರ ನಾಳೆ ನಾ ಒಳಗ, ಪೇಪರ್ ಬಂದ್. ಈ ಕಾಲದಾಗ ಯಾವ ಕೋರ್ಟೂ ಕೇಳೂದಿಲ್ಲ. ಯಾರನ್ನರ ಒಬ್ಬನ್ನ ಕೊಟ್ಟು ಬಿಡು, ಇಲ್ಲಿಗೇ ಮುಗಸೂಣು ಅಂದ್ರು."

"ನನ್ನ ಕೊಡಬೇಕಿತ್ತಲ್ರಿ."

"ನಿನಗ ಮುಂದ ಬಾಳೇವು ಐತಿ ತಮ್ಮಾ. ನಿನ್ನ ಉಳಿಸಬೇಕು ಅಂತಽ ಮಾಡಿದೆ."

"ಸೆನ್ಸಾರು ಅಂತ ಹೇಳಿದ್ರಿ."

ಹೋಟೆಲಿನವನು ತಂದಿಟ್ಟ ಚಹಾದಲ್ಲಿ ಅರ್ಧ ಬಸಿಗೆ ಸುರುವಿ, ಎಂದಿನಂತೆ ನನ್ನ ಕಡೆ ಸರಿಸಿದರು. ನಾನು ಮುಟ್ಟದೆ ಎದ್ದು ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಇವತ್ತಿಗೂ ಏನಾದರೂ ಬರೆದು ಗುಣವಾಚಕ ಹೊಡೆದುಹಾಕುವಾಗ ಓಡುವುದು ಅವರ ಕೈಯೇ. ಎಷ್ಟು ಸಿಟ್ಟಾದರೂ ಅದನ್ನು ನನ್ನಿಂದ ಕಿತ್ತು ಹಾಕಲು ಆಗಲಿಲ್ಲ.

ನಾನೇ ಸಾಕ್ಷಿ ಹೇಳುತ್ತೇನೆ ಎಂದೆ. ಸರಕಾರಿ ನೌಕರ, ಅದೂ ಈ ಕಾಲದಲ್ಲಿ, ವಿಚಾರ ಮಾಡಿ ಎಂದರು ವಕೀಲರು. ಅವ್ವ ಮಾತ್ರ ಕೊರಳ ಲಿಂಗ ಕೈಯಲ್ಲಿ ಹಿಡಿದುಕೊಂಡು, "ಹೇಳಿ ಬಾ. ಉಪವಾಸ ಬೀಳೂದಿಲ್ಲ ನಾವು," ಅಂದಳು.

ಕೋರ್ಟಿನಲ್ಲಿ ಕಾಕಾ ಕಟಕಟೆಯಲ್ಲಿದ್ದರು. ನಾನು ಒಳಗೆ ಬಂದಾಗ ತಲೆ ಎತ್ತಿ ನೋಡಿದರು, ಮತ್ತೆ ಕೆಳಗೆ ನೋಡಿದರು. ನಾನು ಗಾಡಿಗಳ ಬಗ್ಗೆ, ಪಾಸಿನ ನಂಬರಿನ ಬಗ್ಗೆ, ಗುಮಾಸ್ತನ ಬಗ್ಗೆ ಎಲ್ಲ ಹೇಳಿದೆ. ಗೇಟಿನ ರಿಜಿಸ್ಟರು ತರಿಸಿದರು. ಅದು ಹೊಚ್ಚ ಹೊಸದಾಗಿತ್ತು. ಹಳೆಯದು ಮಳೆಯಲ್ಲಿ ನೆನೆದು ಹಾಳಾಯಿತಂತೆ. ಕಾವಲುಗಾರನಿಗೆ ಬೇರೆ ಕಡೆ ವರ್ಗವಾಗಿತ್ತು. ಆಮೇಲೆ ಸರಕಾರಿ ವಕೀಲರು ಆ ಕತ್ತರಿಸಿದ ಹಾಳೆ ತೋರಿಸಿದರು.

"ಇದು ನೀವು ಬರದದ್ದೇನು?"

"ಹೌದ್ರಿ. ಆದ್ರ ಇದರ ಕೆಳಗ..."

"ಕೇಳಿದ್ದಕ್ಕಷ್ಟ ಹೇಳ್ರಿ. ಇದರಾಗಿರೂದು ಖರೇನು?"

ಸುಳ್ಳು ಹೇಳಬಹುದಿತ್ತು. ಅಲ್ಲ, ನಾನು ಬರೆದದ್ದಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತೇನೋ. ಪ್ರಮಾಣ ಮಾಡಿದ್ದೆ, ಬಾಯಿ ಬರಲಿಲ್ಲ. "ಖರೇ," ಎಂದೆ. ಅವರು ಕೂತುಬಿಟ್ಟರು. ಉಳಿಸಲು ಹೋದವನ ಆ ಒಂದು ಮಾತೇ ಕಾಕಾನ ಮೇಲಿನ ದೊಡ್ಡ ಸಾಕ್ಷಿಯಾಯಿತು. ಅವರಿಗೆ ಆರು ತಿಂಗಳ ಸಜೆಯಾಯಿತು. ಸಾವಕಾರನ ಅಡ್ಡೆಯ ಗರಗಸ ಒಂದು ದಿನವೂ ನಿಲ್ಲಲಿಲ್ಲ. ನನಗೆ ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ ವರ್ಗವಾಯಿತು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹತ್ತಿ ಹೊಲ, ಒಂದು ಮರ ಕಾಣುತ್ತಿರಲಿಲ್ಲ. ಮರ ಕಾಣದಿದ್ದುದೇ ಆಗ ಸಮಾಧಾನ ಅನ್ನಿಸಿತು.

ಸಜೆ ಮುಗಿದ ಮೇಲೆ ಕಾಕಾ, ಕಾಕು ಊರಿಗೆ ಹೋಗಲಿಲ್ಲ. ಕುಂದಗೋಳದಲ್ಲಿ ಮಗಳ ಮನೆ ಸೇರಿದರು. ತುರ್ತು ಪರಿಸ್ಥಿತಿ ಮುಗಿದ ವರ್ಷ ವಿಳಾಸ ಹುಡುಕಿಕೊಂಡು ಹೋದೆ. ಕಾಕಾ ಪಡಸಾಲೆಯಲ್ಲಿ ಕುಳಿತು ಕುಡುಗೋಲಿಗೆ ಹಲ್ಲು ಹಾಕುತ್ತಿದ್ದರು. "ಬರ್ರಿ," ಎಂದು ಜಾಗ ಮಾಡಿಕೊಟ್ಟರು. ಕಾಕು ಒಳಗಿಂದ ಬರಲಿಲ್ಲ.

ನಾನು ಎಲ್ಲ ಹೇಳಿದೆ. ಸಂಪಾದಕರ ಮೇಜು, ಡ್ರಾ, ಸುಡುತ್ತೇನೆ ಎಂದದ್ದು, ಸಾವಕಾರ ಬಂದದ್ದು. ಬೇರೆ ಪತ್ರಿಕೆಯವರು ಈಗ ಪೂರ್ತಿ ಛಾಪಿಸಲು ತಯಾರಿದ್ದಾರೆ ಎಂದೂ ಹೇಳಿದೆ. ಅವರು ಉಳಿ ಬದಿಗಿಟ್ಟು ಕೇಳಿಸಿಕೊಂಡರು.

"ಅವರು ನಿಮಗ ಮೋಸ ಮಾಡಿದ್ರು. ಅದು ನನಗ ತಿಳೀತು," ಅಂದರು. "ಕೋರ್ಟಿನಾಗ ನೀವು ಖರೇ ಹೇಳಿದ್ದಕ್ಕೂ ನನಗ ಸಿಟ್ಟಿಲ್ಲ. ಸುತಗಿ ಮಾಡಿದ್ದು ಈ ಕೈನಽ. ಆದ್ರ ಹೆಸರು ಬರೀಬ್ಯಾಡ್ರಿ ಅಂದಿದ್ದೆ. ಬರಿಯೂ ಮುಂದ ಒಂದು ಸಲ ಬಂದು ನನ್ನ ಕೇಳಬೇಕಿತ್ತು. ಒಂದು ದಿನ ತಡಾ ಆಗ್ತಿತ್ತು, ಅಷ್ಟಽ."

ಅಷ್ಟು ದಿನವೂ ನನಗೆ ಮೋಸವಾಯಿತು, ನನಗೆ ಮೋಸವಾಯಿತು ಎಂದು ಎದೆಯೊಳಗೆ ಕಟ್ಟಿಕೊಂಡು ತಿರುಗಿದ್ದೆ. ಮೋಸ ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ ಎಂದು ಅಷ್ಟು ಮೆತ್ತಗೆ ಯಾರೂ ಹೇಳಿರಲಿಲ್ಲ.

"ಈಗ ಕೇಳ್ತೀನಿ ಕಾಕಾ. ಬರೀಲೇನು?"

"ಬ್ಯಾಡ್ರಿ. ಮಗಳ ಮನಿ ಇದು."

ಬರೆಯಲಿಲ್ಲ. ಅವರಿಬ್ಬರೂ ತೀರಿಹೋಗಿ, ಆ ಮಗಳೇ "ಈಗ ಬರೀರಿ" ಎಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅವತ್ತು ರೈಲಿನ ಹೊತ್ತಾಯಿತೆಂದು ಎದ್ದೆ. ಯಾರೇ ಹೊರಟರೂ "ಹೋಗಿ ಬರ್ರಿ" ಅನ್ನುವುದು ನಮ್ಮ ಕಡೆಯ ರೂಢಿ. ಕಾಕಾ ಕುಡುಗೋಲು ಕೈಗೆತ್ತಿಕೊಂಡು, "ಹೋಗ್ರಿ," ಎಂದಷ್ಟೇ ಅಂದರು. ಮರುವರ್ಷವೂ ಹೋದೆ, ಅದರ ಮರುವರ್ಷವೂ ಹೋದೆ. ಕೂಡ್ರಿ ಅಂದರು, ಚಹಾ ಕೊಡಿಸಿದರು, ಮಳೆಬೆಳೆ ಕೇಳಿದರು. ಹೊರಡುವಾಗ "ಹೋಗಿ ಬರ್ರಿ" ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.